ಶುಕ್ರವಾರಕ್ಕೆ ಸಾಲದ ಒಂದು ಬೈಟ್

ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ನಡೆಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಇದೇ ಊರಿನಲ್ಲಿ ಸಿ ಭಾಷೆಯಲ್ಲಿ ಕೋಡ್ ಬರೆದು ಜೀವನ ನಡೆಸುವವನು. ನಿಮ್ಮ ಲ್ಯಾಬ್‌ಗಳಿಂದ ಬಂದ ಹುಡುಗ ಹುಡುಗಿಯರ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತೇನೆ. ಅವರ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅವರು ಚುರುಕಾಗಿದ್ದಾರೆ, ಕೇಳಿದ್ದನ್ನು ಕಲಿತುಕೊಂಡೇ ಬಂದಿದ್ದಾರೆ. ನಾವು ಅವರನ್ನು ಏನು ಕೇಳುತ್ತಿದ್ದೇವೆ, ಯಾವುದಕ್ಕೆ ಮಾರ್ಕ್ಸ್ ಹಾಕುತ್ತಿದ್ದೇವೆ ಅನ್ನುವುದೇ ನನ್ನ ಚಿಂತೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಬಿಸಿಎಸ್‌ಎಲ್305 ಲ್ಯಾಬಿನ ಮೊದಲ ಪ್ರೋಗ್ರಾಂ ನಿಮಗೆ ಬಾಯಿಪಾಠವಾಗಿರುತ್ತದೆ. ವಾರದ ಏಳು ದಿನಗಳ ಕ್ಯಾಲೆಂಡರ್ ಒಂದನ್ನು ಮಾಡಬೇಕು. ಅರೇ ಡೈನಮಿಕ್ ಆಗಿ ಹುಟ್ಟಬೇಕು. ಪ್ರತಿ ದಿನಕ್ಕೂ ಒಂದು ಸ್ಟ್ರಕ್ಚರ್, ಅದರಲ್ಲಿ ದಿನದ ಹೆಸರು, ತಾರೀಕು, ಆವತ್ತಿನ ಕೆಲಸದ ವಿವರ. ಹೆಸರು, ವಿವರ ಎರಡಕ್ಕೂ ಡೈನಮಿಕ್ ಆಗಿ ಜಾಗ ಪಡೆಯಬೇಕು. ಕ್ರಿಯೇಟ್, ರೀಡ್, ಡಿಸ್‌ಪ್ಲೇ ಎಂದು ಮೂರು ಫಂಕ್ಷನ್ ಬರೆಯಬೇಕು. ಬಹಳ ಒಳ್ಳೆಯ ಪ್ರಶ್ನೆ ಇದು. ಪಾಯಿಂಟರ್ ಒಳಗೆ ಪಾಯಿಂಟರ್ ಇರುವುದು ಹೇಗೆ, ಒಂದೊಂದಕ್ಕೂ ಬೇರೆ ಬೇರೆ ಜಾಗ ಕೇಳುವುದು ಹೇಗೆ ಎಂಬುದನ್ನು ಇಷ್ಟು ಸಣ್ಣ ಪ್ರೋಗ್ರಾಮಿನಲ್ಲಿ ಕಲಿಸಬಹುದು ಎಂದು ಯೋಚಿಸಿದವರಿಗೆ ನನ್ನ ಗೌರವ ಸಲ್ಲುತ್ತದೆ. ಆದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ ನೋಡಿ. ಮೂರು ಫಂಕ್ಷನ್‌ಗಳಲ್ಲಿ ಫ್ರೀ ಮಾಡುವಂಥದು ಒಂದೂ ಇಲ್ಲ. ಪಡೆದ ಜಾಗವನ್ನು ವಾಪಸ್ ಕೊಡಬೇಕೆಂಬ ಮಾತೇ ಪ್ರಶ್ನೆಯಲ್ಲಿಲ್ಲ.

ಮಾರ್ಕ್ಸ್ ಹಂಚಿಕೆಯನ್ನೂ ನೋಡಿ. ಸೆಮಿಸ್ಟರ್ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ವಿಟಿಯು ಸೂಚಿಸಿರುವಂತೆ ರೈಟ್‌ಅಪ್‌ಗೆ ಶೇ. 20, ಪ್ರಯೋಗ ನಡೆಸಿದ ವಿಧಾನ ಮತ್ತು ಫಲಿತಾಂಶಕ್ಕೆ ಶೇ. 60, ವೈವಾಕ್ಕೆ ಶೇ. 20. ಎಕ್ಸ್‌ಟರ್ನಲ್ ಪರೀಕ್ಷಕರು ಬಂದು ನಿಂತಾಗ ಆ 60ರ ಭಾಗ ತೀರ್ಮಾನವಾಗುವುದು ಪರದೆಯ ಮೇಲೆ. ಏಳು ಸಾಲು ಸರಿಯಾಗಿ ಬಂತೇ? ಬಂತು. ಮುಂದಿನವರು ಬನ್ನಿ. ಅರ್ಧ ದಿನದಲ್ಲಿ ಇಡೀ ಬ್ಯಾಚ್ ಮುಗಿಸಬೇಕಾದ ನಿಮ್ಮ ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ ಮೆಮೊರಿ ವಿಷಯದಲ್ಲಿ ಸರಿಯಾದ ಔಟ್‌ಪುಟ್ ಏನನ್ನೂ ಸಾಬೀತು ಮಾಡುವುದಿಲ್ಲ. ಅದು ಯಾಕೆ ಅನ್ನುವುದನ್ನು ನಮ್ಮ ಕನ್ನಡದಲ್ಲೇ ತೋರಿಸಬಹುದು. ನಾಳೆ ಲ್ಯಾಬಿನಲ್ಲೇ ಮಾಡಿ ನೋಡಿ.

ಅದೇ ಕ್ಯಾಲೆಂಡರ್ ಪ್ರೋಗ್ರಾಂ ತೆಗೆದುಕೊಳ್ಳಿ. ಕ್ರಿಯೇಟ್ ಫಂಕ್ಷನ್ ಪ್ರತಿ ದಿನದ ಹೆಸರಿಗೆ ಮ್ಯಾಲಾಕ್(20) ಎಂದು, ವಿವರಕ್ಕೆ ಮ್ಯಾಲಾಕ್(100) ಎಂದು ಒಂದರ ಹಿಂದೊಂದರಂತೆ ಜಾಗ ಪಡೆಯಲಿ. ರೆಕಾರ್ಡ್ ಬುಕ್ಕುಗಳಲ್ಲಿ ಸಾಮಾನ್ಯವಾಗಿ ಕಾಣುವ ರೀತಿಯೇ ಇದು. ಇಂಗ್ಲಿಷಿನಲ್ಲಿ ಅತಿ ಉದ್ದದ ದಿನ ವೆನ್ಸ್‌ಡೇ, ಒಂಬತ್ತು ಅಕ್ಷರ. ಕೊನೆಯ ಸೊನ್ನೆ ಬೈಟೂ ಸೇರಿ ಹತ್ತು. 20 ಎಂದರೆ ಧಾರಾಳವಾಯಿತು ಎಂದು ವಿದ್ಯಾರ್ಥಿ ಅಂದುಕೊಳ್ಳುತ್ತಾನೆ. ಈಗ ಕೀಬೋರ್ಡ್ ಕನ್ನಡಕ್ಕೆ ಬದಲಿಸಿ ದಿನಗಳ ಹೆಸರನ್ನು ಕನ್ನಡದಲ್ಲಿ ಕೊಡಿ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು. ಅಕ್ಷರಕ್ಕೆ ಮೂರು, ಅದರ ಕೊಂಬಿಗೆ ಇನ್ನು ಮೂರು, ದೀರ್ಘಕ್ಕೆ ಮೂರು, ಒತ್ತಕ್ಷರ ಮೂಡಿಸುವ ಕಣ್ಣಿಗೆ ಕಾಣದ ಹಲಂತಕ್ಕೂ ಮೂರು. ಸೋಮವಾರ, ಬುಧವಾರ, ಶನಿವಾರ ಇವು ತಲಾ ಆರು ಚಿಹ್ನೆ, 18 ಬೈಟ್. ಸೊನ್ನೆ ಬೈಟ್ ಸೇರಿ 19. ಇಪ್ಪತ್ತರೊಳಗೆ ಕೂತವು. ಭಾನುವಾರ, ಮಂಗಳವಾರ, ಗುರುವಾರ ಏಳು ಚಿಹ್ನೆಯವು, 21 ಬೈಟ್, ಸೊನ್ನೆ ಸೇರಿ 22. ಕೇಳಿದ ಜಾಗ ಮೀರಿ ಎರಡು ಬೈಟ್ ಹೊರಗೆ ಹೋಯಿತು. ಆದರೂ ಏನೂ ಆಗುವುದಿಲ್ಲ. 64 ಬಿಟ್ ಲಿನಕ್ಸ್‌ನ ಗ್ಲಿಬ್‌ಸಿ ಲೈಬ್ರರಿ 20 ಬೈಟ್ ಕೇಳಿದವರಿಗೆ ತನ್ನ ಲೆಕ್ಕದ ಅನುಕೂಲಕ್ಕಾಗಿ 24 ಬೈಟ್ ಬಳಸುವಷ್ಟು ಜಾಗ ಕೊಟ್ಟಿರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟಿನ ಮೇಲೆ ಹಾಕುವ ಕೊಸರಿನ ಹಾಗೆ. ಆ ನಾಲ್ಕು ಬೈಟ್ ಕೊಸರಿನಲ್ಲಿ ಭಾನುವಾರದ ತಪ್ಪು ಅಡಗಿಕೊಳ್ಳುತ್ತದೆ.

ಉಳಿದದ್ದು ಶುಕ್ರವಾರ. ಶ, ಅದರ ಕೊಂಬು, ಕ, ಹಲಂತ, ರ, ವ, ದೀರ್ಘ, ರ. ಎಂಟು ಚಿಹ್ನೆ, 24 ಬೈಟ್. ಸೊನ್ನೆ ಬೈಟ್ ಇಪ್ಪತ್ತೈದನೆಯದು. ಕೊಸರೂ ಮುಗಿದ ಮೇಲೆ ಬಂದ ಆ ಒಂದು ಬೈಟ್ ಪಕ್ಕದ ತುಂಡಿನ ಗಾತ್ರವನ್ನು ಮ್ಯಾಲಾಕ್ ಬರೆದಿಟ್ಟುಕೊಂಡಿರುವ ಜಾಗದ ಮೇಲೇ ಬೀಳುತ್ತದೆ. ಪಕ್ಕದ ತುಂಡು ಅದೇ ಶುಕ್ರವಾರದ ವಿವರ. ಅದರ ಗಾತ್ರ ಒಂದೇ ಬೈಟಿನಲ್ಲಿ ಹಿಡಿಯುವಷ್ಟು ಸಣ್ಣದು. ಹಾಗಾಗಿ ಆ ಬೈಟ್ ಅಳಿಸಿದರೆ ಗಾತ್ರ ಸೊನ್ನೆಯೆಂದಾಯಿತು.

ಈಗ ಡಿಸ್‌ಪ್ಲೇ ಓಡಿಸಿ. ಏಳೂ ದಿನ ಅಚ್ಚುಕಟ್ಟಾಗಿ ಬರುತ್ತವೆ. ಶುಕ್ರವಾರವೂ ಸರಿಯಾಗಿದೆ, ಅದರ ವಿವರವೂ ಸರಿಯಾಗಿದೆ. ಪ್ರೋಗ್ರಾಂ ಸುಸೂತ್ರವಾಗಿ ಮುಗಿಯುತ್ತದೆ. ಪೂರ್ತಿ ಮಾರ್ಕ್ಸ್.

ಪಕ್ಕದ ಕಂಪ್ಯೂಟರಿನಲ್ಲಿ ಇದೇ ಪ್ರೋಗ್ರಾಂ ಬರೆದ ಇನ್ನೊಬ್ಬಳು ಇದ್ದಾಳೆ ಎಂದುಕೊಳ್ಳಿ. ಅವಳೂ ಅದೇ 20 ಬರೆದಿದ್ದಾಳೆ. ಆದರೆ ಜವಾಬ್ದಾರಿಯಿಂದ, ಪ್ರಶ್ನೆಯಲ್ಲಿ ಕೇಳದಿದ್ದರೂ, ಕೊನೆಯಲ್ಲಿ ಎಲ್ಲವನ್ನೂ ಫ್ರೀ ಮಾಡುವ ಫಂಕ್ಷನ್ ಸೇರಿಸಿದ್ದಾಳೆ. ಶುಕ್ರವಾರದ ವಿವರವನ್ನು ಫ್ರೀ ಮಾಡುವ ಹೊತ್ತಿಗೆ ಲೈಬ್ರರಿ ಕೆಟ್ಟ ಗಾತ್ರವನ್ನು ಗುರುತಿಸಿ ಪ್ರೋಗ್ರಾಮನ್ನು ಅಲ್ಲೇ ಅಬಾರ್ಟ್ ಮಾಡುತ್ತದೆ. ಪರದೆಯ ಮೇಲೆ ಎಕ್ಸ್‌ಟರ್ನಲ್‌ಗೆ ಕಾಣುವುದು ಎರರ್. ಅವಳಿಗೆ ಮಾರ್ಕ್ಸ್ ಹೋಯಿತು. ಇಬ್ಬರೂ ಮಾಡಿದ್ದು ಒಂದೇ ತಪ್ಪು. ಶಿಕ್ಷೆಯಾದದ್ದು ಜಾಗ ವಾಪಸ್ ಕೊಟ್ಟವಳಿಗೆ. ಮುಂದಿನ ಸೆಮಿಸ್ಟರಿನಿಂದ ಅವಳು ಫ್ರೀ ಬರೆಯುವುದನ್ನೇ ಬಿಡುತ್ತಾಳೆ, ಅಕ್ಕಪಕ್ಕದವರಿಗೂ ಬೇಡ ಅನ್ನುತ್ತಾಳೆ. ನನಗೆ ನೋವಾಗುವುದು ಇಲ್ಲಿಯೇ. ನಾವು ಪರೀಕ್ಷೆ ಮಾಡುವ ಕ್ರಮವೇ ಒಳ್ಳೆಯ ಅಭ್ಯಾಸವನ್ನು ಕೈಬಿಡುವಂತೆ ಮಕ್ಕಳಿಗೆ ಕಲಿಸುತ್ತಿದೆ.

ಹಳೆಯ ಟರ್ಬೊ ಸಿ ಕಾಲದಿಂದ ಬಂದ ಅಭ್ಯಾಸಗಳೂ ಇದರ ಜೊತೆ ಸೇರಿಕೊಂಡಿವೆ. ಆ ನೀಲಿ ಪರದೆಯ ಕಂಪೈಲರ್ 16 ಬಿಟ್ ಕಾಲದ್ದು, ಅದರಲ್ಲಿ ಇಂಟ್‌ಗೆ ಎರಡೇ ಬೈಟ್. ಹಳೆಯ ನೋಟ್ಸಿನಿಂದ ಎರಡರಿಂದ ಗುಣಿಸಿ ಜಾಗ ಕೇಳುವ ಸಾಲನ್ನು ನಕಲು ಮಾಡಿಕೊಂಡು ಈಗಿನ ಕಂಪ್ಯೂಟರಿನಲ್ಲಿ ಓಡಿಸಿದರೆ ಬೇಕಾದ ಜಾಗದ ಅರ್ಧ ಮಾತ್ರ ಸಿಗುತ್ತದೆ. ಸ್ಟ್ಯಾಂಡರ್ಡ್ ಲೈಬ್ರರಿಯ ಹೆಡರ್ ಸೇರಿಸದೆ ಮ್ಯಾಲಾಕ್ ಕರೆದು, ಅದು ಕೊಟ್ಟದ್ದನ್ನು ಕಾಸ್ಟ್ ಮಾಡಿ ವಾರ್ನಿಂಗ್ ಮುಚ್ಚಿಹಾಕುವುದು ಇನ್ನೊಂದು. ಹಳೆಯ ನಿಯಮದ ಕಂಪೈಲರ್ ಆಗ ಮ್ಯಾಲಾಕ್ ಇಂಟ್ ಕೊಡುತ್ತದೆ ಎಂದು ಊಹಿಸಿಕೊಂಡು 64 ಬಿಟ್‌ನ ವಿಳಾಸವನ್ನು ಅರ್ಧಕ್ಕೆ ಕತ್ತರಿಸಬಹುದು. ಸಿ ಭಾಷೆಯ 1999ರ ಸ್ಟ್ಯಾಂಡರ್ಡ್ ಈ ಊಹೆಯನ್ನು ತೆಗೆದುಹಾಕಿತು. ಜಿಸಿಸಿ ಕಂಪೈಲರ್ ಅದನ್ನು ಎರರ್ ಎಂದು ನಿಲ್ಲಿಸತೊಡಗಿದ್ದು 2024ರಲ್ಲಿ ಬಂದ 14ನೇ ಆವೃತ್ತಿಯಿಂದ. ಕಾಸ್ಟ್ ಬಿಡಿ, ಹೆಡರ್ ಹಾಕಿ, ಸೈಜ್‌ಆಫ್ ಒಳಗೆ ಟೈಪ್ ಬದಲು ಆ ಪಾಯಿಂಟರ್ ತೋರುವ ವಸ್ತುವನ್ನೇ ಬರೆಯಿರಿ ಎಂದು ನೀವೊಮ್ಮೆ ಬೋರ್ಡಿನ ಮೇಲೆ ಬರೆದರೆ ಸಾಕು. ನಾಳೆ ಇಂಟ್ ಹೋಗಿ ಲಾಂಗ್ ಬಂದರೂ ಆ ಸಾಲು ತಾನಾಗಿ ಸರಿಯಾಗಿರುತ್ತದೆ.

ಇದೆಲ್ಲ ಪರೀಕ್ಷೆಯ ಕೋಣೆಯಲ್ಲೇ ಮುಗಿಯುವ ವಿಷಯ ಅನ್ನಿಸಬಹುದು. ಮುಗಿಯುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷದ ಒಳಗೆ ಇದ್ದದ್ದು ಲ್ಯಾಬ್ ಮಟ್ಟದ್ದೇ ತಪ್ಪು. ಇಂಟರ್ನೆಟ್‌ನ ಬಹುಪಾಲು ಸರ್ವರ್‌ಗಳು ನಂಬಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ, ಆ ಕಡೆಯಿಂದ ಒಬ್ಬರು 'ನಾನು 64 ಕೆಬಿ ಕಳಿಸಿದ್ದೇನೆ, ಅದನ್ನೇ ತಿರುಗಿ ಕಳಿಸು' ಎಂದರೆ, ನಿಜಕ್ಕೂ ಎಷ್ಟು ಬಂದಿದೆ ಎಂದು ನೋಡದೆ ಅವರು ಹೇಳಿದಷ್ಟೇ ಗಾತ್ರಕ್ಕೆ ಜಾಗ ಮಾಡಿಕೊಂಡು, ಅಷ್ಟನ್ನೂ ಮೆಮೊರಿಯಿಂದ ನಕಲು ಮಾಡಿ ಕೊಡುತ್ತಿತ್ತು. ಬಂದದ್ದು ಒಂದೆರಡು ಬೈಟ್. ಉಳಿದ ಜಾಗದಲ್ಲಿ ಹೋದದ್ದು ಬೇರೆಯವರ ಪಾಸ್‌ವರ್ಡ್, ಸರ್ವರಿನ ಗುಟ್ಟಿನ ಕೀಲಿ, ಆ ಹೊತ್ತಿಗೆ ಅಲ್ಲಿ ಏನಿತ್ತೋ ಅದು. ತಪ್ಪು ಹೊಕ್ಕ ಆವೃತ್ತಿ ಬಿಡುಗಡೆಯಾದದ್ದು 2012ರ ಮಾರ್ಚ್‌ನಲ್ಲಿ. ಎರಡು ವರ್ಷ ಔಟ್‌ಪುಟ್ ಸರಿಯಾಗಿಯೇ ಬರುತ್ತಿತ್ತು. ಪರಿಹಾರವೆಂದರೆ ಹೇಳಿದ ಗಾತ್ರ ಬಂದ ಗಾತ್ರಕ್ಕಿಂತ ಹೆಚ್ಚಿದ್ದರೆ ಆ ಸಂದೇಶವನ್ನು ಬಿಸಾಕು ಎನ್ನುವ ಒಂದು ಪರೀಕ್ಷೆ.

2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವಲ್ಲ, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರಲ್ಲ, ಅದರ ಮೂಲವೂ ಇಂಥದ್ದೇ. ಕ್ರೌಡ್‌ಸ್ಟ್ರೈಕ್ ಸಾಫ್ಟ್‌ವೇರ್ 20 ಮೌಲ್ಯಗಳು ಇದ್ದ ಕಡೆ 21ನೆಯದನ್ನು ಓದಲು ಹೋಗಿತ್ತು. ಕ್ಯಾಲೆಂಡರಿನಲ್ಲಿ ಎಂಟನೇ ದಿನ ಹುಡುಕಿದ ಹಾಗೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ತಾನು ವರ್ಷವರ್ಷವೂ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70 ಮೆಮೊರಿ ತಪ್ಪುಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಗೂಗಲ್‌ನ ಕ್ರೋಮಿಯಂ ತಂಡ 2020ರಲ್ಲಿ ತಮ್ಮ ಗಂಭೀರ ಭದ್ರತಾ ದೋಷಗಳಿಗೆ ಹೆಚ್ಚುಕಡಿಮೆ ಅದೇ ಲೆಕ್ಕ ಕೊಟ್ಟಿತು. ಅದರಲ್ಲೂ ಅರ್ಧದಷ್ಟು ಫ್ರೀ ಮಾಡಿದ ಜಾಗವನ್ನು ಮತ್ತೆ ಮುಟ್ಟಿದ್ದರಿಂದ ಬಂದವು.

ನಿಮ್ಮ ವಿದ್ಯಾರ್ಥಿಗಳಲ್ಲಿ ಎಲ್ಲರೂ ಇನ್ಫೋಸಿಸ್ ಕ್ಯಾಂಪಸ್ ಸೇರಿ ಜಾವಾ ಬರೆಯುವುದಿಲ್ಲ. ಹೆಬ್ಬಾಳ, ಹೂಟಗಳ್ಳಿ, ಬೆಳಗೊಳದ ಕೈಗಾರಿಕಾ ಪ್ರದೇಶಗಳನ್ನು ನೋಡಿ. ಕೇನ್ಸ್ ಟೆಕ್ನಾಲಜಿಯಂಥ ಎಲೆಕ್ಟ್ರಾನಿಕ್ಸ್ ತಯಾರಿಕೆಯ ಕಂಪನಿ ಬೆಳೆದದ್ದೇ ಈ ಊರಿನಲ್ಲಿ. ಸರ್ಕ್ಯೂಟ್ ಬೋರ್ಡ್ ಇದ್ದಲ್ಲಿ ಫರ್ಮ್‌ವೇರ್ ಇರುತ್ತದೆ. ಫರ್ಮ್‌ವೇರ್ ಇವತ್ತಿಗೂ ಬಹುಪಾಲು ಸಿಯಲ್ಲೇ ಇದೆ. ನಾನು ನೋಡುವ ಹೊಸಬರಲ್ಲಿ ಹಲವರು ಮ್ಯಾಲಾಕ್ ನಲ್ ಕೊಟ್ಟಿತೇ ಎಂದು ನೋಡುವುದಿಲ್ಲ. ಕೇಳಿದರೆ 'ಲಿನಕ್ಸ್‌ನಲ್ಲಿ ಮ್ಯಾಲಾಕ್ ಫೇಲ್ ಆಗೋದೇ ಇಲ್ಲ ಸಾರ್' ಅನ್ನುತ್ತಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಲಿನಕ್ಸ್ ಮೆಮೊರಿ ಇಲ್ಲದಿದ್ದರೂ ವಿಳಾಸ ಕೊಟ್ಟುಬಿಡುತ್ತದೆ, ಆಮೇಲೆ ಬಳಸಲು ಹೋದಾಗ ಯಾವುದೋ ಒಂದು ಪ್ರೋಗ್ರಾಮನ್ನು ಕೊಂದು ಲೆಕ್ಕ ಸರಿಮಾಡುತ್ತದೆ. ಆದರೆ ಕಲಿಯುವವರ ಮೇಜಿನ ಮೇಲೆ ಸಾಮಾನ್ಯವಾಗಿ ಇರುವ ಎಸ್‌ಟಿಎಂ32ಎಫ್103ಸಿ8 ಚಿಪ್‌ನಲ್ಲಿ ಒಟ್ಟು ರ್‍ಯಾಮ್ 20 ಕೆಬಿ. ಅಲ್ಲಿ ಮ್ಯಾಲಾಕ್ ಸುಲಭವಾಗಿ ಸೋಲುತ್ತದೆ. ಇನ್ನೂ ಅಪಾಯವೆಂದರೆ ಆ ಚಿಪ್‌ನಲ್ಲಿ ಸೊನ್ನೆ ವಿಳಾಸದಲ್ಲಿ ವೆಕ್ಟರ್ ಟೇಬಲ್ ಇರುತ್ತದೆ. ನಲ್ ಪಾಯಿಂಟರಿನಿಂದ ಓದಿದರೆ ಪ್ರೋಗ್ರಾಂ ನಿಲ್ಲದೆ ಏನೋ ಒಂದು ಸಂಖ್ಯೆ ತಂದುಕೊಡುತ್ತದೆ. ಮೋಟಾರಿನ ವೇಗವೋ ಬ್ಯಾಟರಿಯ ವೋಲ್ಟೇಜೋ ಎಂದು ಕೋಡ್ ಅದನ್ನೇ ನಂಬುತ್ತದೆ. ಮ್ಯಾಲಾಕ್‌ನ ಇಂಥ ಅಪಾಯಗಳ ಕಾರಣಕ್ಕೇ ವಾಹನೋದ್ಯಮ ಪಾಲಿಸುವ ಮಿಸ್ರಾ ಸಿ 2012ರ ನಿಯಮ 21.3 ಮ್ಯಾಲಾಕ್, ಕ್ಯಾಲಾಕ್, ರೀಅಲಾಕ್, ಫ್ರೀ ನಾಲ್ಕನ್ನೂ ಬಳಸಬಾರದು ಎನ್ನುತ್ತದೆ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬಿನ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಒಂದು, ಪ್ರೋಗ್ರಾಂ ಶುರುವಾಗುವಾಗಲೇ ಬೇಕಾದಷ್ಟು ಜಾಗ ಪಡೆದುಕೊ, ಆಮೇಲೆ ಕೇಳಬೇಡ ಎಂಬುದು. ಹೀಗೆ ನಿಷೇಧಿಸಿದವರು ಮ್ಯಾಲಾಕ್‌ನ ಸ್ವಭಾವ ಬಲ್ಲವರು. ನಮ್ಮ ಮಕ್ಕಳಿಗೆ ನಿಷೇಧ ಯಾಕೆ ಎಂದು ಗೊತ್ತಾಗುವಷ್ಟಾದರೂ ಅದನ್ನು ಕಲಿಸಬೇಕಲ್ಲವೇ?

ಗುಣಾಕಾರದ ವಿಷಯವೂ ಒಂದಿದೆ. ಎನ್ ಇಂಟ್‌ಗಳಿಗೆ ಜಾಗ ಎಂದು ಎನ್ ಅನ್ನು ನಾಲ್ಕರಿಂದ ಗುಣಿಸಿ ಮ್ಯಾಲಾಕ್‌ಗೆ ಕೊಡುವುದು ಎಲ್ಲರ ಅಭ್ಯಾಸ. 32 ಬಿಟ್ ಕಂಪ್ಯೂಟರಿನಲ್ಲಿ ಯಾರೋ ಎನ್ ಅಂದರೆ 1,07,37,41,825 ಎಂದು ಕೊಟ್ಟರೆ ಗುಣಲಬ್ಧ ಉಕ್ಕಿ ಹರಿದು ಉಳಿಯುವುದು ನಾಲ್ಕು. ಮ್ಯಾಲಾಕ್ ನಾಲ್ಕು ಬೈಟ್ ಕೊಟ್ಟು 'ಆಯಿತು' ಅನ್ನುತ್ತದೆ. ನಲ್ ನೋಡಿದರೂ ಇದು ಸಿಕ್ಕುವುದಿಲ್ಲ. ಕ್ಯಾಲಾಕ್‌ಗೆ ಎರಡೂ ಸಂಖ್ಯೆಗಳನ್ನು ಬೇರೆ ಬೇರೆ ಕೊಡುವುದರಿಂದ ಇವತ್ತಿನ ಲೈಬ್ರರಿಗಳು ಉಕ್ಕುವುದನ್ನು ತಾವೇ ಪರೀಕ್ಷಿಸಿ ನಲ್ ಕೊಡುತ್ತವೆ, ಜಾಗವನ್ನು ಸೊನ್ನೆ ಮಾಡಿಯೂ ಕೊಡುತ್ತವೆ. ರೀಅಲಾಕ್‌ಗೂ ಅದೇ ರಕ್ಷಣೆ ಬೇಕೆಂದು ಓಪನ್‌ಬಿಎಸ್‌ಡಿಯವರು 2014ರಲ್ಲಿ ರೀಅಲಾಕ್‌ಅರೇ ತಂದರು, 2017ರಲ್ಲಿ ಅದು ಗ್ಲಿಬ್‌ಸಿಗೂ ಬಂತು. ಇನ್ನು ರೀಅಲಾಕ್ ಕೊಟ್ಟದ್ದನ್ನು ಹಳೆಯ ಪಾಯಿಂಟರಿಗೇ ತುಂಬುವ ಸಾಲು ಎಷ್ಟೋ ಕಡೆ ಕಾಣುತ್ತದೆ. ಸೋತಾಗ ಅದು ನಲ್ ಕೊಡುತ್ತದೆ, ಹಳೆಯ ಜಾಗ ಹಾಗೇ ಇರುತ್ತದೆ, ಆದರೆ ಅದರ ವಿಳಾಸ ಮಾತ್ರ ನಮ್ಮ ಕೈಯಲ್ಲಿರುವುದಿಲ್ಲ. ಮೊದಲು ಬೇರೆ ಪಾಯಿಂಟರಿಗೆ ತೆಗೆದುಕೊಂಡು ನೋಡಬೇಕು. ವೈವಾದಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ.

ಸಿಯನ್ನೇ ಬಿಟ್ಟು ರಸ್ಟ್ ಕಲಿಸಿದರೆ ಆಯಿತಲ್ಲ ಎನ್ನುವವರೂ ಇದ್ದಾರೆ. ಲಿನಕ್ಸ್ ಕರ್ನಲ್ 2022ರ ಡಿಸೆಂಬರಿನ 6.1 ಆವೃತ್ತಿಯಿಂದ ರಸ್ಟನ್ನು ಒಳಗೆ ಬಿಟ್ಟುಕೊಂಡಿದೆ, ನಿಜ. ಕಲಿಸಿ, ನನಗೂ ಸಂತೋಷ. ಆದರೆ ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಟ್ಟಿದ ಈ ಭಾಷೆಯಲ್ಲಿ ಬರೆದದ್ದು ನಾವು ನೀವು ನಿವೃತ್ತರಾದ ಮೇಲೂ ಓಡುತ್ತಿರುತ್ತದೆ. ಅದನ್ನು ಓದಿ ತಿದ್ದುವವರು ಬೇಕು. ಜೊತೆಗೆ ಈ ತುಂಡು ಯಾರದ್ದು, ಇದನ್ನು ಯಾರು ಬಿಡುಗಡೆ ಮಾಡಬೇಕು, ಬಿಟ್ಟ ಮೇಲೆ ಇನ್ನು ಯಾರ ಬಳಿ ಇದರ ವಿಳಾಸ ಉಳಿದಿದೆ ಎಂಬ ಪ್ರಶ್ನೆಗಳನ್ನು ಸಿಯಲ್ಲಿ ಕೇಳಿಕೊಂಡವರಿಗೆ ರಸ್ಟ್ ಯಾಕೆ ಅಷ್ಟು ಬಿಗಿ ಅನ್ನುವುದೂ ಬೇಗ ತಿಳಿಯುತ್ತದೆ. ಫ್ರೀ ಮಾಡಿದ ಪಾಯಿಂಟರಿಗೆ ನಲ್ ತುಂಬಿ ಎಂದು ನಾವು ಹೇಳಿಕೊಡುತ್ತೇವೆ, ಸರಿ. ಅದೇ ವಿಳಾಸ ಇನ್ನೊಂದು ಪಾಯಿಂಟರಿನಲ್ಲೂ ಇದ್ದರೆ ಅದು ಏನನ್ನೂ ಕಾಯುವುದಿಲ್ಲ. ಪ್ರತಿ ಫಂಕ್ಷನ್ ಮೇಲೂ, ಇಲ್ಲಿ ಪಡೆದ ಜಾಗವನ್ನು ಬಿಡುವ ಹೊಣೆ ಯಾರದು ಎಂದು ಒಂದು ಸಾಲಿನ ಕಾಮೆಂಟ್ ಬರೆಸಿ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ನಿಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಜಿಸಿಸಿ ಇದ್ದರೆ, ಕಂಪೈಲ್ ಮಾಡುವ ಸಾಲಿಗೆ ಅಡ್ರೆಸ್ ಸ್ಯಾನಿಟೈಜರ್ ಎಂಬ ಒಂದು ಆಯ್ಕೆ, ಸಾಲಿನ ಸಂಖ್ಯೆ ಕಾಣಲು -g, ಇಷ್ಟು ಸೇರಿಸಿದರೆ ಸಾಕು. ಗೂಗಲ್‌ನವರು ಮಾಡಿದ ಈ ಸ್ಯಾನಿಟೈಜರ್ 2013ರಿಂದ, ಜಿಸಿಸಿಯ 4.8ನೇ ಆವೃತ್ತಿಯಿಂದ, ಉಚಿತವಾಗಿ ಸಿಗುತ್ತಿದೆ. ಅದರಲ್ಲಿ ಮೇಲಿನ ಕನ್ನಡ ಕ್ಯಾಲೆಂಡರ್ ಓಡಿಸಿದರೆ ಕೊಸರಿಗೆ ಅವಕಾಶವೇ ಇಲ್ಲ. ಭಾನುವಾರದ 21ನೇ ಬೈಟಿಗೇ ನಿಲ್ಲಿಸಿ, ಯಾವ ಸಾಲಿನಲ್ಲಿ ಬರೆದಿರಿ, ಆ ಜಾಗವನ್ನು ಯಾವ ಸಾಲಿನಲ್ಲಿ ಪಡೆದಿರಿ ಎರಡನ್ನೂ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಕೊನೆಗೆ ಫ್ರೀ ಮಾಡದೆ ಬಿಟ್ಟ ತುಂಡುಗಳ ಪಟ್ಟಿಯನ್ನೂ ಕೊಡುತ್ತದೆ. ಕಂಪೈಲರ್ ಹಳೆಯದಾಗಿದ್ದರೆ 2002ರಿಂದ ಇರುವ ವಾಲ್‌ಗ್ರಿಂಡ್ ಇದೆ, ಸ್ವಲ್ಪ ನಿಧಾನ, ಆದರೆ ಇದೇ ಕೆಲಸ ಮಾಡುತ್ತದೆ.

ಎಕ್ಸ್‌ಟರ್ನಲ್ ಎದುರಿಗೆ ಆ ರಿಪೋರ್ಟ್ ಖಾಲಿಯಾಗಿ ಬರಲಿ. ಫಲಿತಾಂಶದ ಶೇ. 60ರಲ್ಲಿ ಮೂರನೇ ಒಂದು ಭಾಗ ಅದಕ್ಕೇ ಮೀಸಲಿಡಿ. ದಿನದ ಹೆಸರನ್ನು ಮೊದಲು ದೊಡ್ಡ ಲೋಕಲ್ ಬಫರಿಗೆ ಮಿತಿ ಹಾಕಿ ಓದಿಸಿ, ಸ್ಟ್ರ್‌ಲೆನ್ ಮಾಡಿ, ಒಂದು ಕೂಡಿಸಿ, ಅಷ್ಟೇ ಜಾಗ ಪಡೆದು, ನಲ್ ನೋಡಿ, ಆಮೇಲೆ ನಕಲು ಮಾಡಲಿ. ಸ್ಟ್ರ್‌ಲೆನ್ ಅಕ್ಷರಗಳ ಬದಲು ಬೈಟ್‌ಗಳನ್ನು ಎಣಿಸುವುದರಿಂದ ಶುಕ್ರವಾರಕ್ಕೆ ತಾನಾಗಿ 25 ಬರುತ್ತದೆ. ಪ್ರಶ್ನೆಯಲ್ಲಿ ಮೂರು ಫಂಕ್ಷನ್ ಇದೆ ಎಂದು ನೀವು ಫ್ರೀ ಮಾಡುವ ನಾಲ್ಕನೆಯದನ್ನು ಬರೆಸಬಾರದು ಅಂತ ಎಲ್ಲಿಯೂ ಹೇಳಿಲ್ಲ. 1946ರಲ್ಲಿ ಎನ್‌ಐಇ, 1963ರಲ್ಲಿ ಎಸ್‌ಜೆಸಿಇ ಶುರುವಾದ ಊರು ಇದು. ಸ್ವಾಯತ್ತ ಕಾಲೇಜುಗಳ ಬೋರ್ಡ್ ಆಫ್ ಸ್ಟಡೀಸ್‌ಗಳಲ್ಲಿ ಕೂತಿರುವವರು ನೀವೇ. ಬೇರೆಯವರು ಬೆಳಗಾವಿಯ ವಿಟಿಯು ಸಿಲಬಸ್‌ಗಾಗಿ ಕಾಯಬೇಕಾದರೂ ನಿಮಗೆ ಕಾಯುವ ಅಗತ್ಯವಿಲ್ಲ.

ಯಾವ ಕಾಲೇಜಿನವರು ಕರೆದರೂ ಶನಿವಾರ ಮಧ್ಯಾಹ್ನಗಳಲ್ಲಿ ನಾನು ಬರುತ್ತೇನೆ. ದುಡ್ಡು, ಶಾಲು, ಹಾರ ಬೇಡ. ಸ್ಯಾನಿಟೈಜರ್ ಓಡುವ ಕಂಪ್ಯೂಟರುಗಳು, ಪ್ರೊಜೆಕ್ಟರು, ಕನ್ನಡ ಕೀಬೋರ್ಡ್ ಹಾಕಿದ ಒಂದು ಸೆಷನ್ ಇದ್ದರೆ ಸಾಕು. ಮೊದಲನೇ ಪ್ರೋಗ್ರಾಮಿನಿಂದಲೇ ಶುರು ಮಾಡೋಣ.

ಇತಿ ನಿಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಸಿ ಪ್ರೋಗ್ರಾಮರ್